ಡೇರಿ ಮುರುಗೇಶಪ್ಪ ಹಾಲು ಬಿಟ್ಟದ್ದು

ಧರ್ಮಪುರದ ಹತ್ತಿರದ ಮುದ್ದಜ್ಜನಹಟ್ಟಿಯಲ್ಲಿ ಮುರುಗೇಶಪ್ಪನೆಂದರೆ ಹಾಲು, ಹಾಲೆಂದರೆ ಮುರುಗೇಶಪ್ಪ. ಊರಿನ ಹಾಲು ಸಂಘದಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಪರೀಕ್ಷಕ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಜನ ಕ್ಯಾನು, ತಂಬಿಗೆ, ಬಕೆಟ್ಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಮುರುಗೇಶಪ್ಪ ಒಬ್ಬೊಬ್ಬರ ಹಾಲನ್ನೂ ಮೂಸಿ ನೋಡಿ, ಸಣ್ಣ ಬಾಟಲಿಗೆ ಮಾದರಿ ತೆಗೆದು, ಸದಸ್ಯರ ನಂಬರಿದ್ದ ತೂತುಗಳ ಮರದ ಸ್ಟ್ಯಾಂಡಿಗೆ ಇಳಿಸಿ, ಮಿಷನ್ನಿಗೆ ಕೊಟ್ಟು, ಫ್ಯಾಟ್ ಎಷ್ಟೆಂದು ಗಟ್ಟಿಯಾಗಿ ಕೂಗುತ್ತಿದ್ದ. ಮಿಷನ್ ಬರುವ ಮೊದಲು ಅವನ ಮೂಗೇ ಮಿಷನ್ನಾಗಿತ್ತೆಂದೂ, ಮಿಷನ್ ಬಂದ ಮೇಲೂ ಎಷ್ಟೋ ಸಲ ಅದು ಮೂಗಿನ ಮಾತನ್ನೇ ಒಪ್ಪಿಕೊಂಡಿತೆಂದೂ ಊರಲ್ಲಿ ಪ್ರತೀತಿಯಿತ್ತು. ಈ ಪ್ರತೀತಿಯನ್ನು ಹುಟ್ಟಿಸಿದವನು ಮುರುಗೇಶಪ್ಪನೇ.

ಇಂಥವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಹಾಲು ಆಗದೆ ಹೋಯಿತು.

ಟೀ ಕುಡಿದು ಮುಕ್ಕಾಲು ಗಂಟೆಯಾಗುತ್ತಿದ್ದಂತೆ ಹೊಟ್ಟೆಯೊಳಗೆ ಯಾರೋ ಖಾಲಿ ಡ್ರಮ್ಮು ಉರುಳಿಸಿದ ಹಾಗೆ ಸದ್ದು. ಆಮೇಲೆ ಅವನು ಯಾರ ಮಾತಿಗೂ ನಿಲ್ಲದೆ ಮನೆಯ ಹಿತ್ತಲಿಗೆ ಓಡಬೇಕು. ಮೂರು ತಿಂಗಳು ಹೀಗೆ ಓಡಿ ಓಡಿ ಕೊನೆಗೆ ಹಿರಿಯೂರಿನ ಒಬ್ಬ ಡಾಕ್ಟರ ಹತ್ತಿರ ಹೋದ. ಡಾಕ್ಟರು ಎಲ್ಲವನ್ನೂ ಕೇಳಿಕೊಂಡು, "ನಿಮಗೆ ಹಾಲು ಒಗ್ತಿಲ್ಲ. ಪೂರ್ತಿ ಬಿಟ್ಟುಬಿಡ್ರಿ. ಅಂದಂಗೆ ಏನು ಕೆಲಸ ಮಾಡ್ತೀರಿ?" ಎಂದರು.

"ಹಾಲಿನ ಡೇರೀಲಿ, ಸಾರ್."

ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ, "ಹಾಲು ಅಳೀರಿ. ಕುಡೀಬ್ಯಾಡ್ರಿ," ಎಂದರು.

ಬಸ್ಸಿನಲ್ಲಿ ಬರುವಾಗ ಮುರುಗೇಶಪ್ಪ ಒಂದು ತೀರ್ಮಾನಕ್ಕೆ ಬಂದ. ಹಾಲು ಬಿಡಬೇಕು, ಸರಿ. ಆದರೆ ಹಾಲು ಆಗುವುದಿಲ್ಲ ಎನ್ನುವುದು ಹೊಟ್ಟೆಯೊಳಗಿನ ಗುಟ್ಟು. ಅದು ಅಲ್ಲೇ ಇರಬೇಕು.

ಬಸ್ಸಿಳಿದರೆ ಎದುರಿಗೇ ಬೀರೇಶನ ಟೀ ಅಂಗಡಿ. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು.

"ಬರ್ರಿ ಮುರುಗೇಶಣ್ಣ, ಕುಂತ್ಕಳ್ರಿ. ಈಗ ತಾನೆ ಹಾಲು ಉಕ್ಕೈತೆ, ಒಂದು ಇಸ್ಪೆಷಲ್ ಹಾಕ್ತೀನಿ," ಎಂದ ಬೀರೇಶ.

"ಬ್ಯಾಡ ಕಣೋ."

"ಯಾಕಣ್ಣ, ಸಕ್ಕರೆ ಕಾಯ್ಲೆನಾ?"

"ಏ, ಇಲ್ಲ."

"ವ್ರತ ಏನಾದ್ರೂ ಹಿಡಿದೀಯಾ?" ಎಂದ ಬೆಂಚಿನಿಂದ ಒಬ್ಬ.

"ಇಲ್ಲಪ್ಪ."

"ಮತ್ತೆ ಹಿರಿಯೂರಿಗೆ ಯಾಕೆ ಹೋಗಿದ್ದೆ? ಆಸ್ಪತ್ರೆಗಾ?"

ಬೆಂಚಿನ ನಾಲ್ಕೂ ಜನ ಲೋಟ ಕೆಳಗಿಟ್ಟರು. ಮುರುಗೇಶಪ್ಪನಿಗೆ ಬೆವರಿತು. ಬಸ್ಸಿನಲ್ಲಿ ಅವನ ಮುಂದಿನ ಸೀಟಿನ ಬೆನ್ನಿಗೆ 'ಪರಿಸರ ಉಳಿಸಿ' ಎಂದು ಒಂದು ಚೀಟಿ ಅಂಟಿಸಿತ್ತು. ಒಂದೂವರೆ ಗಂಟೆ ಅದನ್ನೇ ನೋಡುತ್ತ ಬಂದಿದ್ದನಾದ್ದರಿಂದ ಬಾಯಿಗೆ ಅದೇ ಬಂತು.

"ಪರಿಸರಕ್ಕೋಸ್ಕರ ಹಾಲು ಬಿಟ್ಟೀನಿ. ಇನ್ನು ಮ್ಯಾಲೆ ನಂದು ಬರೀ ಗಿಡದ ಹಾಲು."

"ಗಿಡದ ಹಾಲಾ? ಎಕ್ಕದ್ದಾ, ಕಳ್ಳಿದಾ?" ಎಂದು ಬೀರೇಶ ಗಾಬರಿಯಿಂದ ಕೇಳಿದ. "ಸಾಯ್ತೀಯ ಕಣಣ್ಣ!"

"ಅದು ದೊಡ್ಡ ವಿಷಯ. ನಿಂಗೆ ತಿಳಿಯಲ್ಲ," ಎಂದು ಹೇಳಿ ಮುರುಗೇಶಪ್ಪ ಗಂಭೀರವಾಗಿ ಮನೆಯ ಕಡೆ ನಡೆದ. ತನಗೂ ತಿಳಿಯದು ಎನ್ನುವುದನ್ನು ಆ ನಡಿಗೆ ಸ್ವಲ್ಪವೂ ಬಿಟ್ಟುಕೊಡಲಿಲ್ಲ.

ಹೆಂಡತಿ ಶಿವಗಂಗಾಳ ಹತ್ತಿರವೂ ಅದನ್ನೇ ಹೇಳಿದ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಮ್ಮ ಹೊಟ್ಟೆ ಸದ್ದಿಗೆ ಅಟ್ಟದ ಮ್ಯಾಲಿನ ಬೆಕ್ಕು ಪಕ್ಕದ ಮನೆ ಸೇರಿ ತಿಂಗಳಾತು. ನಂಗೆ ಯಾಕೆ ಪರಿಸರ ಹೇಳ್ತೀರಿ?" ಎಂದಳು.

"ಯಾರಿಗೂ ಹೇಳಬ್ಯಾಡ."

"ನಾನು ಹೇಳಲ್ಲ. ಅದು ತಾನೇ ಹೇಳ್ತೈತೆ ನೋಡ್ರಿ."

ಮಾರನೆಯ ಬೆಳಿಗ್ಗೆ ಹೈಸ್ಕೂಲಿನ ವಿಜ್ಞಾನದ ಟೀಚರ್ ಸುಷ್ಮಿತಾ ಸ್ಕೂಟಿ ನಿಲ್ಲಿಸಿ ನೇರ ಡೇರಿಯೊಳಕ್ಕೇ ಬಂದರು. ಅವರ ಮುಖದಲ್ಲಿ ಹಬ್ಬದ ಕಳೆ.

"ಸರ್, ಬೀರೇಶಣ್ಣ ಹೇಳಿದ್ರು. ಮಕ್ಕಳಿಗೆ ಪರಿಸರ, ಪರಿಸರ ಅಂತ ಹೇಳಿ ಹೇಳಿ ಸಾಕಾಗಿದ್ದೆ. ಒಬ್ಬರಾದ್ರೂ ಮಾಡಿ ತೋರಿಸೋರು ಸಿಕ್ಕಿದ್ರಲ್ಲ! ಮುಂದಿನ ವಾರ ಶನಿವಾರ ನಮ್ಮ ಸ್ಕೂಲಲ್ಲಿ ನೀವು ಮಾತಾಡ್ಬೇಕು. ಯಾವ ಸಸ್ಯದ ಹಾಲು ನಾಲಿಗೆಗೂ ಒಳ್ಳೇದು, ಭೂಮಿಗೂ ಒಳ್ಳೇದು ಅಂತ. ಊರೋರನ್ನೂ ಕರೀತೀವಿ."

ಇಲ್ಲವೆನ್ನಲು ಮುರುಗೇಶಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಜನರೂ ತನ್ನನ್ನೇ ನೋಡುತ್ತಿದ್ದುದು ಕಣ್ಣಿಗೆ ಬಿತ್ತು. "ಆಗ್ಲಿ ಬಿಡ್ರಿ ಮೇಡಂ, ಎರಡು ಮಾತು ಹೇಳಾಣ," ಎಂದುಬಿಟ್ಟ.

ಒಂದು ಗುಣ ಮಾತ್ರ ಮುರುಗೇಶಪ್ಪನಲ್ಲಿತ್ತು. ಬಾಯಿ ತಪ್ಪಿ ಒಪ್ಪಿಕೊಂಡ ಕೆಲಸವನ್ನೂ ಅವನು ಅರ್ಧಕ್ಕೆ ಬಿಡುತ್ತಿರಲಿಲ್ಲ. ಅಂದು ಸಂಜೆಯೇ ಸಂಘದ ಒಂದು ಹಳೆಯ ರಿಜಿಸ್ಟರು ತಂದು, ಟೀಚರು ಹೇಳಿಕೊಟ್ಟಂತೆ ಗೆರೆ ಹೊಡೆದು ಕಾಲಂ ಮಾಡಿದ: ರುಚಿ, ಬೆಳೆಯಲು ಬೇಕಾದ ನೀರು, ಬಂದ ದೂರ, ಮಿಕ್ಕ ಕಸ. ಹಿರಿಯೂರಿಗೆ ಹೋಗುವವರು ಬರುವವರ ಕೈಯಲ್ಲೆಲ್ಲ ಒಂದೊಂದು ಸಾಮಾನು ತರಿಸಿದ. ಇಪ್ಪತ್ತೆರಡು ವರ್ಷದ ಮೂಗನ್ನು ಈ ಹೊಸ ಸೇವೆಗೆ ಒಪ್ಪಿಸಿದ.

ಮೊದಲು ಸೋಯಾ. ಮೂಗಿನ ಹತ್ತಿರ ತಂದವನೇ, "ಹಸಿ ಅವರೆಕಾಯಿ ಸೊಗಡು," ಎಂದು ಬರೆದ. ಎರಡು ಸಲ ಕುದಿಸಿದರೂ ಸೊಗಡು ಹೋಗಲಿಲ್ಲ.

ಆಮೇಲೆ ಬಾದಾಮಿ. ರುಚಿಯೇನೋ ಮದುವೆಮನೆಯಂತಿತ್ತು. ಆದರೆ ಬಾದಾಮಿ ಮರ ವರ್ಷವಿಡೀ ಬಹಳ ನೀರು ಕೇಳುತ್ತದೆಂದೂ, ಅದು ಬರುವುದು ಸಮುದ್ರದಾಚೆಯಿಂದ ಎಂದೂ ಟೀಚರು ಫೋನಿನಲ್ಲಿ ಹೇಳಿದರು. ಮುರುಗೇಶಪ್ಪ ಲೋಟವನ್ನು ನೋಡಿದ. ಅವನ ಬೀದಿಯ ಬೋರ್‌ವೆಲ್ಲು ಏಳುನೂರು ಅಡಿಯ ಆಳದಿಂದ ಉಸಿರು ಕಟ್ಟಿ ದಿನಕ್ಕೆ ಒಂದು ಗಂಟೆ ನೀರು ಕೊಡುತ್ತಿತ್ತು. "ನಮ್ಮಂಥ ಊರೋರು ಕುಡಿದರೆ ಪಾಪ ಸುತ್ಕಳ್ತೈತೆ," ಎಂದು ನೀರಿನ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ.

ಓಟ್ಸ್ ಹಾಲು ಡಬ್ಬಿಯಲ್ಲಿ ಬಂತು. ಡಬ್ಬಿಯ ಮೇಲೆ ಹಸಿರು ಬೆಟ್ಟ, ಹಸಿರು ಎಲೆ, ನಗುವ ಸೂರ್ಯ. ಶಿವಗಂಗಾ ಒಂದು ಗುಟುಕು ಕುಡಿದು, "ಗೋಡೆಗೆ ಪೋಸ್ಟರ್ ಅಂಟಿಸೋ ಗಂಜಿ ಇದು," ಎಂದಳು. ಖಾಲಿ ಡಬ್ಬಿಯನ್ನು ಎಲ್ಲಿ ಬಿಸಾಕಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಾಗಲಿಲ್ಲ. ಒಲೆಗೆ ಹಾಕಿದರೆ ನಾತ, ತಿಪ್ಪೆಗೆ ಹಾಕಿದರೆ ಕೊಳೆಯದು.

ಹಿರಿಯೂರಿನ ತೆಂಗಿನಕಾಯಿ ಹತ್ತಿರದ್ದು, ರುಚಿಯೂ ಹೌದು. ಆದರೆ ಟೀಗೆ ಹಾಕಿ ಕುದಿಸಿದೊಡನೆ ಒಡೆದು, ಮೇಲೆ ಎಣ್ಣೆ ತೇಲಿತು. ಮುರುಗೇಶಪ್ಪ ಬಿಡದೆ ಕುಡಿದ. ಕುಡಿದು, "ಉಪ್ಪು ಒಗ್ಗರಣೆ ಮರೆತ ಸಾರು," ಎಂದು ದಾಖಲು ಮಾಡಿದ.

ಕೊನೆಗೆ ಶಿವಗಂಗಾ ಬೇಸತ್ತು, "ಸುತ್ತ ನಾಲ್ಕೂ ದಿಕ್ಕಿಗೆ ಶೇಂಗಾ ಹೊಲ ಅವೆ. ಅದನ್ನ ಹಿಂಡಿದ್ರೆ ಹಾಲು ಬರಲ್ಲಾಂತ ಯಾರಾದ್ರೂ ಹೇಳ್ಯಾರಾ?" ಎಂದಳು.

ಯಾರೂ ಹೇಳಿರಲಿಲ್ಲ. ಶೇಂಗಾ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರು. ಮೊದಲ ದಿನ ಹಸಿ ವಾಸನೆ ಬಂತು. ಎರಡನೆಯ ದಿನ ನೆನೆಹಾಕುವ ಮೊದಲು ಕಾಳನ್ನು ನಾಜೂಕಾಗಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ, ಒಂದು ಏಲಕ್ಕಿ ಜಜ್ಜಿ ಹಾಕಿದರು. ಟೀ ಒಡೆಯಲಿಲ್ಲ. ಮುರುಗೇಶಪ್ಪ ಒಂದು ಲೋಟ ಕುಡಿದು, ಗಡಿಯಾರ ನೋಡುತ್ತ ಮುಕ್ಕಾಲು ಗಂಟೆ ಕೂತ. ಹೊಟ್ಟೆ ತಣ್ಣಗಿತ್ತು. ಇನ್ನೊಂದು ಲೋಟ ಕುಡಿದ. ಮಳೆಯಲ್ಲೇ ಬೆಳೆದದ್ದು, ಕೂಗಿದರೆ ಕೇಳುವಷ್ಟು ದೂರದ ಹೊಲದಿಂದ ಬಂದದ್ದು, ಡಬ್ಬಿಯಿಲ್ಲ, ಹಿಂಡಿ ಮಿಕ್ಕ ಚರಟ ಚಟ್ನಿಗಾಯಿತು. ಆ ವಾರ ಮನೆಯಲ್ಲಿ ಐದು ದಿನ ಅದೇ ಚಟ್ನಿ.

ಇತ್ತ ಊರಿನಲ್ಲಿ ಬೇರೆಯೇ ಒಂದು ಪಾಕ ಕುದಿಯುತ್ತಿತ್ತು.

ಮುರುಗೇಶಪ್ಪ ಪರಿಸರಕ್ಕಾಗಿ ಹಾಲು ಬಿಟ್ಟ ಎಂಬುದನ್ನು ಬೀರೇಶನ ಬೆಂಚು ಒಂದು ವಾರ ನಂಬಿತು. ಆಮೇಲೆ ಒಬ್ಬರು, "ಅಲ್ಲ, ದಿನಾ ಹಾಲು ಪರೀಕ್ಷೆ ಮಾಡೋನು ಅವನು. ಅದರಾಗೆ ಏನೈತೆ ಅಂತ ಅವನಿಗಲ್ದೆ ಯಾರಿಗೆ ಗೊತ್ತು? ಅವನೇ ಬಿಟ್ಟಾನೆ ಅಂದ್ರೆ..." ಎಂದು ಮಾತು ನಿಲ್ಲಿಸಿದರು. ಉಳಿದದ್ದನ್ನು ಬೆಂಚು ತಾನೇ ಪೂರೈಸಿಕೊಂಡಿತು. ಬುಧವಾರಕ್ಕೆ ಹಾಲಿನಲ್ಲಿ ಸೋಪಿನಪುಡಿಯಿತ್ತು. ಗುರುವಾರಕ್ಕೆ ಯೂರಿಯಾ ಸೇರಿತು. ಗುರುವಾರ ಸಂಜೆ ಬೀರೇಶನ ಅಂಗಡಿಯಲ್ಲಿ ಹನ್ನೊಂದು ಜನ ಕರಿ ಟೀ ಕೇಳಿದರು.

ಸಂಘದ ಅಧ್ಯಕ್ಷ ಮರುಳಸಿದ್ದಪ್ಪ ಬುಲೆಟ್ಟಿನ ಮೇಲೆ ಧಾವಿಸಿ ಬಂದ. "ಲೇ ಮುರುಗೇಶ, ಏನಲೇ ಇದು? ಡೇರಿ ಮುಚ್ಚಿಸ್ತೀಯೇನು? ಯಾರು ಹೇಳಿಕೊಟ್ಟಿದ್ದು ನಿಂಗೆ?"

"ಯಾರೂ ಇಲ್ಲ ಗೌಡ್ರೇ. ಪರಿಸರ."

"ಅದು ಯಾವ ಪಾರ್ಟಿ?"

"ಪಾರ್ಟಿ ಅಲ್ಲ ಗೌಡ್ರೇ. ಗಿಡ, ಮರ, ಭೂಮಿ..."

"ಭೂಮಿ ವಿಚಾರಕ್ಕೂ ಕೈ ಹಾಕಿದೀಯಾ?" ಎಂದು ಮರುಳಸಿದ್ದಪ್ಪ ಬೆವರೊರೆಸಿಕೊಂಡ. ಅವನ ಜಮೀನಿನ ಒಂದು ಸರ್ವೆ ತಕರಾರು ಹೊಸದುರ್ಗದಲ್ಲಿ ಒಂಬತ್ತು ವರ್ಷದಿಂದ ನಡೆಯುತ್ತಿತ್ತು. "ನಾಳೆ ಎಲ್ಲರ ಎದುರಿಗೆ ಒಂದು ಲೋಟ ಹಾಲು ಕುಡಿದು ತೋರಿಸು, ಮುಗೀತೈತೆ."

"ಅದೊಂದು ಬಿಟ್ಟು ಏನಾದ್ರೂ ಹೇಳ್ರಿ. ಶನಿವಾರ ಭಾಷಣ ಐತೆ, ಮಾತು ಕೊಟ್ಟೀನಿ," ಎಂದು ಮುರುಗೇಶಪ್ಪ ಬಂಡೆಯಂತೆ ನಿಂತ. ಅವನ ಈ ಹಟ ಊರಿನ ಅನುಮಾನವನ್ನು ಗಟ್ಟಿ ಮಾಡಿತು. ಯಾರೋ ಹಾಲು ಒಕ್ಕೂಟದ ಮೇಲಿನವರಿಗೆ ಫೋನು ಮಾಡಿದರು.

ಶುಕ್ರವಾರ ಬೆಳಿಗ್ಗೆ ಸಾಲು ಮುಗಿಯುತ್ತ ಬಂದಿದ್ದಾಗ ಡೇರಿಯ ಮುಂದೆ ಒಂದು ಜೀಪು ನಿಂತಿತು. ಇಳಿದವರು ತಪಾಸಣೆ ಸಾಹೇಬರು. ಆ ಗಳಿಗೆಯಲ್ಲಿ ಮುರುಗೇಶಪ್ಪನ ಕೈಯಲ್ಲಿ ಒಂದು ತೊಳೆದ ಮಾದರಿ ಬಾಟಲಿಯಿತ್ತು. ಅದರ ತುಂಬ ಅವನ ಶೇಂಗಾ ಹಾಲು. ಹಸುವಿನ ಹಾಲಿನ ಪಕ್ಕ ಇಟ್ಟು ಬಣ್ಣ ಹೋಲಿಸಿ, ಭಾಷಣದಲ್ಲಿ ಹೇಳಬೇಕೆಂದು ಮನೆಯಿಂದ ತಂದಿದ್ದ. ಜೀಪು ಕಂಡ ಗಾಬರಿಗೆ ಅದನ್ನು ಮರದ ಸ್ಟ್ಯಾಂಡಿನಲ್ಲಿ ಖಾಲಿ ಕಂಡ ತೂತಿಗೆ ಇಳಿಸಿ, ಕೈಮುಗಿದು ನಿಂತ. ಆ ತೂತಿನ ನಂಬರು ಮೂವತ್ತೇಳು. ಅದು ಜುಂಜಮ್ಮನದು. ಅವಳ ಹಾಲನ್ನು ಆಗಷ್ಟೇ ಕ್ಯಾನಿಗೆ ಸುರಿದಿದ್ದ, ಮಾದರಿ ತೆಗೆಯುವುದನ್ನು ಜೀಪು ಮರೆಸಿತ್ತು.

ಸಾಹೇಬರು ಒಂದೊಂದೇ ಬಾಟಲಿಯನ್ನು ಮಿಷನ್ನಿಗೆ ಕೊಟ್ಟರು. ಮೂವತ್ತಾರರವರೆಗೆ ತಲೆಯಾಡಿಸಿದರು. ಮೂವತ್ತೇಳಕ್ಕೆ ಮಿಷನ್ನು ಎಂದೂ ತೋರಿಸದ ಅಂಕಿಗಳನ್ನು ತೋರಿಸಿ, ಕೀಂಯ್ ಎಂದು ಕೂಗಿತು.

"ಸಿಕ್ತು!" ಎಂದರು ಸಾಹೇಬರು. "ಇದು ಹಾಲೇ ಅಲ್ಲ. ಯಾರದ್ದು ಮೂವತ್ತೇಳು?"

ಜುಂಜಮ್ಮ ಮುಂದೆ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಮನೆಯಲ್ಲಿ ಅರವತ್ತು ಕುರಿ, ಎರಡು ಹಸು. ಸಂಘ ಹುಟ್ಟಿದ ದಿನದಿಂದ ಹಾಲು ಹಾಕುತ್ತಿದ್ದವಳು.

"ಏನು ಬೆರೆಸಿದ್ದೀಯಮ್ಮ? ಹಿಟ್ಟಾ, ಎಣ್ಣೆಯಾ? ಇವತ್ತಿನಿಂದ ನಿನ್ನ ಹಾಲು ಬಂದ್. ಸದಸ್ಯತ್ವವೂ ರದ್ದಾಗುತ್ತೆ."

ಜುಂಜಮ್ಮ ಕೈಯಲ್ಲಿದ್ದ ತಂಬಿಗೆಯನ್ನು ಅಲ್ಲೇ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟುಹೋದಳು. ಮುಗಿಯಿತು ಎಂದು ಜನ ಅಂದುಕೊಳ್ಳುವಷ್ಟರಲ್ಲಿ ಹಸುವನ್ನೇ ಹಿಡಿದುಕೊಂಡು ವಾಪಸು ಬಂದು, ಅದನ್ನು ಡೇರಿಯ ಮೆಟ್ಟಿಲು ಹತ್ತಿಸಿ, ಸಾಹೇಬರ ಮೇಜಿನ ಮುಂದೆ ನಿಲ್ಲಿಸಿದಳು.

"ನಾನು ಬೆರೆಸಿಲ್ಲ. ಬೆರೆಸಿದ್ರೆ ಇದು ಬೆರೆಸಿರಬೇಕು. ಇದನ್ನ ಕೇಳ್ರಿ," ಎಂದಳು. ಹಸು ಸಾಹೇಬರ ಕಾಗದಗಳನ್ನು ಮೂಸಿ, ಒಂದನ್ನು ಬಾಯಿಗೆಳೆದುಕೊಂಡಿತು.

"ಅಜ್ಜೀ, ಆಚೆ ಕರ್ಕಂಡು ಹೋಗು!" ಎಂದು ಜೀಪಿನ ಹಿಂದೆಯೇ ಬುಲೆಟ್ಟಿನಲ್ಲಿ ಬಂದಿದ್ದ ಮರುಳಸಿದ್ದಪ್ಪ ಕಿರುಚಿದ.

"ನಲವತ್ತು ವರ್ಷ ಹಾಲು ಹಾಕೀನಿ. ಒಂದು ಹನಿ ನೀರು ಹಾಕಿಲ್ಲ. ಕಳ್ಳಿ ಅನ್ನಿಸ್ಕಂಡು ಮನೀಗೆ ಹೋಗಲ್ಲ ನಾನು," ಎಂದು ಅವಳು ಅಲ್ಲೇ ಕೂತುಬಿಟ್ಟಳು. ಕೂಗುವಾಗ ಇಲ್ಲದ ನಡುಕ ಕೂತಮೇಲೆ ಅವಳ ಗದ್ದದಲ್ಲಿ ಕಾಣಿಸಿಕೊಂಡಿತು.

ಮುರುಗೇಶಪ್ಪ ಆಗ ಬಾಟಲಿಯನ್ನು ನೋಡಿದ. ತಳದಲ್ಲಿ ಶೇಂಗಾ ಸಿಪ್ಪೆಯ ಕೆಂಪು ಚೂರೊಂದು ಕೂತಿತ್ತು. ಅವನು ಒಂದು ಗಳಿಗೆ ಬಾಗಿಲ ಕಡೆ ನೋಡಿದ, ಒಂದು ಗಳಿಗೆ ಜುಂಜಮ್ಮನ ಗದ್ದ ನೋಡಿದ. ಮುಂದೆ ಬಂದು ಬಾಟಲಿ ಎತ್ತಿ, ಮೂಸಿ, ಗಟಗಟನೆ ಕುಡಿದುಬಿಟ್ಟ.

"ಸಾಕ್ಷಿ!" ಎಂದು ಸಾಹೇಬರು ಕುರ್ಚಿಯಿಂದ ಹಾರಿದರು. "ಸಾಕ್ಷಿ ಕುಡಿದುಬಿಟ್ಟರು! ಏನ್ರೀ ಇದು!"

"ಸಾರ್, ಅದು ನಂದು. ಶೇಂಗಾ ಹಾಲು. ನಾನೇ ಗಾಬರೀಲಿ ಅವಳ ತೂತಿಗೆ ಇಟ್ಟೀನಿ. ಅಜ್ಜೀದು ಏನೂ ತಪ್ಪಿಲ್ಲ."

"ಹಾಲಿನ ಡೇರಿಯವರು ಶೇಂಗಾ ಹಾಲು ಯಾಕೆ ತರ್ತೀರಿ?"

"ಪರಿಸರ..." ಎಂದು ಶುರು ಮಾಡಿದ. ಜುಂಜಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಖಾಲಿ ಬಾಟಲಿಯನ್ನು ಮೇಜಿನ ಮೇಲಿಟ್ಟ. "ಪರಿಸರ ಅಲ್ಲ, ಸಾರ್. ಸುಳ್ಳು ಹೇಳಿದ್ದೆ. ನಂಗೆ ಹಾಲು ಆಗಲ್ಲ. ಕುಡಿದ್ರೆ ಹೊಟ್ಟೆ ಕೆಡ್ತೈತೆ. ಹಾಲಿನಾಗೆ ಏನೂ ಐಬಿಲ್ಲ, ಐಬು ಇರೋದು ನನ್ನ ಹೊಟ್ಟೇಲಿ."

ಜೀಪು ಕಂಡು ಅಂಗಡಿ ಬಿಟ್ಟು ಬಂದಿದ್ದ ಬೀರೇಶ ನಕ್ಕ. "ಇಪ್ಪತ್ತೆರಡು ವರ್ಷ ನನ್ನಂಗಡೀಲಿ ಟೀ ಕುಡಿದೋನಿಗೆ ಹಾಲು ಆಗಲ್ವಂತೆ!"

"ಅಜ್ಜೀನ ಉಳಿಸಾಕೆ ಕಥೆ ಕಟ್ತಾನೆ ಸಾರ್, ಇವನ ಮಾತು ನಂಬಬ್ಯಾಡ್ರಿ," ಎಂದ ಮರುಳಸಿದ್ದಪ್ಪ.

ನಿಜ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಮುರುಗೇಶಪ್ಪ ಎಣಿಸಿರಲಿಲ್ಲ. ಅವನ ಮುಖ ಕೆಂಪಾಯಿತು. "ಅಜ್ಜಿ, ಹಾಲು ಕರಿ," ಎಂದ.

ಬೆಳಿಗ್ಗೆ ಕರುವಿಗೆಂದು ಕೆಚ್ಚಲಲ್ಲಿ ಬಿಟ್ಟಿದ್ದ ಹಾಲನ್ನು ಜುಂಜಮ್ಮ ಅಲ್ಲೇ ಕರೆದಳು. ಸಾಹೇಬರು ಒಂದು ಬಾಟಲಿ ತುಂಬಿಸಿ ಮಿಷನ್ನಿಗೆ ಕೊಟ್ಟರು. ಮಿಷನ್ನು ಸುಮ್ಮನೆ ಒಪ್ಪಿಕೊಂಡು ನಾಲ್ಕೂವರೆ ಫ್ಯಾಟ್ ತೋರಿಸಿತು. ಉಳಿದ ಹಾಲನ್ನು ಮುರುಗೇಶಪ್ಪ ದೊಡ್ಡ ಸ್ಟೀಲು ಲೋಟದ ತುಂಬ ಬಗ್ಗಿಸಿಕೊಂಡು, ಬೀರೇಶನ ಒಲೆಯ ಮೇಲೆ ಕಾಯಿಸಿ ತಂದು, ಎಲ್ಲರೂ ನೋಡುತ್ತಿರುವಂತೆ ಕೊನೆಯ ಹನಿಯವರೆಗೂ ಕುಡಿದು, ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತ.

"ಟೈಂ ನೋಡ್ಕಳ್ರಿ ಸಾರ್. ಮುಕ್ಕಾಲು ಗಂಟೆ."

ಮುದ್ದಜ್ಜನಹಟ್ಟಿಯಲ್ಲಿ ಅಂಥ ಮೌನ ಪಂಚಾಯ್ತಿ ಎಲೆಕ್ಷನ್ನಿನ ಎಣಿಕೆಯ ದಿನವೂ ಇರಲಿಲ್ಲ. ಸಾಹೇಬರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನಲವತ್ತು ಜನ ಉಸಿರು ಬಿಗಿಹಿಡಿದು ಒಬ್ಬ ಮನುಷ್ಯನ ಹೊಟ್ಟೆಗೆ ಕಿವಿಗೊಟ್ಟು ಕೂತರು. ಯಾರೋ ಕೆಮ್ಮಿದರೆ ಉಳಿದವರು ಗದರಿದರು. ಸುದ್ದಿ ಕೇಳಿ ಶಿವಗಂಗಾ ಓಡಿ ಬಂದಳು. ಬಂದವಳು ಗಂಡನನ್ನು ನೋಡಿ, ಡೇರಿಯಿಂದ ಮನೆಯ ಹಿತ್ತಲಿನವರೆಗಿನ ದಾರಿಯಲ್ಲಿ ನಿಂತಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸಿದಳು.

ಮೂವತ್ತು ನಿಮಿಷವಾಯಿತು. ಏನೂ ಇಲ್ಲ. ಮರುಳಸಿದ್ದಪ್ಪ ಮೀಸೆ ತಿರುವಿದ. ಮುರುಗೇಶಪ್ಪ ಮೊದಲ ಸಲ ತನ್ನ ಹೊಟ್ಟೆಯನ್ನು ಕಳವಳದಿಂದ ನೋಡಿಕೊಂಡ. ಮೂರು ತಿಂಗಳು ಬೇಡವೆಂದರೂ ಕೂಗಿದ್ದು ಇವತ್ತು ಕೈಕೊಟ್ಟರೆ?

ನಲವತ್ತೊಂದನೆಯ ನಿಮಿಷಕ್ಕೆ ಅದು ಬಂತು. ಮೊದಲು ಎಲ್ಲೋ ದೂರದಲ್ಲಿ ಲಾರಿ ಬಂದಂತೆ, ಆಮೇಲೆ ಹತ್ತಿರದಲ್ಲೇ ಕಲ್ಲು ಸುರಿದಂತೆ. ಹಸು ಬೆದರಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಕಿಟಕಿಯ ಹತ್ತಿರ ನಿಂತವರಿಗೂ ಕೇಳಿಸಿತು.

"ಕೇಳಿತಾ ಸಾರ್?" ಎಂದ ಮುರುಗೇಶಪ್ಪ ಗೆಲುವಿನಿಂದ.

"ಕೇಳಿತು, ಕೇಳಿತು," ಎಂದು ಸಾಹೇಬರು ಕುರ್ಚಿ ಹಿಂದಕ್ಕೆಳೆದುಕೊಂಡು ವರದಿಗೆ ಪೆನ್ನು ತೆಗೆದರು. 'ಮೂವತ್ತೇಳನೇ ಸದಸ್ಯೆ ನಿರ್ದೋಷಿ' ಎಂದು ಅವರು ಬರೆದು ಮುಗಿಸಿ ತಲೆ ಎತ್ತುವಷ್ಟರಲ್ಲಿ ಸ್ಟೂಲು ಖಾಲಿಯಾಗಿತ್ತು. ಶಿವಗಂಗಾ ತೆರವು ಮಾಡಿದ್ದ ದಾರಿಯಲ್ಲಿ ಧೂಳು ಮಾತ್ರ ಎದ್ದಿತ್ತು.

ಅಂದು ಸಂಜೆ ಬೀರೇಶನ ಅಂಗಡಿಯಲ್ಲಿ ಎಲ್ಲರೂ ಹಾಲು ಹಾಕಿದ ಟೀಯನ್ನೇ ಕುಡಿದರು.

ಶನಿವಾರ ಮುರುಗೇಶಪ್ಪ ಬರಲಾರನೆಂದೇ ಊರು ಅಂದುಕೊಂಡಿತ್ತು. ಸುಷ್ಮಿತಾ ಟೀಚರಿಗೂ ಹಾಗೇ ಅನ್ನಿಸಿತ್ತು. ಆದರೆ ಹನ್ನೊಂದು ಗಂಟೆಗೆ ಸರಿಯಾಗಿ ಅವನು ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದು ಕೈಯಲ್ಲಿ ಐದು ಲೀಟರಿನ ಕ್ಯಾನು ಹಿಡಿದು, ಸ್ವಲ್ಪ ಬಿಳಿಚಿಕೊಂಡ ಮುಖದಲ್ಲಿ ಸ್ಕೂಲಿನ ಅಂಗಳಕ್ಕೆ ಬಂದ. ಮಕ್ಕಳು, ಊರವರು ಎಲ್ಲ ಕೂತಿದ್ದರು. ಮುಂದಿನ ಸಾಲಿನಲ್ಲಿ ಜುಂಜಮ್ಮ.

"ನಾನು ಹಾಲು ಬಿಟ್ಟಿದ್ದು ಭೂಮಿ ಉಳಿಸಾಕಲ್ಲ," ಎಂದು ಮೊದಲೇ ಹೇಳಿದ. "ಯಾಕೆ ಅಂತ ನಿನ್ನೆ ಎಲ್ಲರೂ ಕೇಳಿಸ್ಕಂಡೀರಿ. ಆದ್ರೆ ಬಿಟ್ಟ ಮ್ಯಾಲೆ ಬೇರೆ ಏನಾದ್ರೂ ಹುಡುಕಬೇಕಲ್ಲ? ಹುಡುಕೋದು ಹುಡುಕ್ತೀನಿ, ಸರಿಯಾಗೇ ಹುಡುಕಾಣ ಅಂತ ಹುಡುಕೀನಿ. ಹಾಲು ಒಗ್ಗೋರು ಅಜ್ಜಿ ಹಾಲೇ ಕುಡೀರಿ, ಅದರಂಥದ್ದು ಇಲ್ಲ. ನನ್ನಂಗೆ ಒಗ್ಗದೋರು, ಬ್ಯಾಡ ಅನ್ನೋರು ದೂರದಿಂದ ಡಬ್ಬಿ ತರಿಸಬ್ಯಾಡ್ರಿ. ನಮ್ಮ ಹೊಲದಾಗೇ ಐತೆ."

ರಿಜಿಸ್ಟರಿನಿಂದ ಒಂದೊಂದು ಕಾಲಮ್ಮನ್ನೂ ಓದಿದ. ಗಂಜಿ, ಸಾರು, ಸೊಗಡು ಎಲ್ಲವನ್ನೂ ಬಿಡದೆ ಓದಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ನೀರಿನ ಲೆಕ್ಕ ಬಂದಾಗ ಹಿಂದೆ ಕೂತಿದ್ದ ರೈತರು ನಗುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಕೊನೆಗೆ ಅವನು ಕ್ಯಾನಿನ ಮುಚ್ಚಳ ತೆಗೆದು, ಮೊದಲ ಲೋಟವನ್ನು ಜುಂಜಮ್ಮನ ಮುಂದೆ ಹಿಡಿದ.

ಜುಂಜಮ್ಮ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂಸಿದಳು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ಅಂಗಳವೆಲ್ಲ ಅವಳನ್ನೇ ನೋಡುತ್ತಿತ್ತು.

"ಇದು ಹಾಲಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದಳು.

ಮುರುಗೇಶಪ್ಪನ ಮುಖ ಇಳಿಯಿತು.

ಅವಳು ಉಳಿದದ್ದನ್ನು ಒಂದೇ ಸಲಕ್ಕೆ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಲೋಟವನ್ನು ಅವನ ಕಡೆ ಚಾಚಿದಳು.

"ಹಾಲು ಅಂತ ಸುಳ್ಳು ಹೆಸರು ಯಾಕೆ ಇಟ್ಟೀಯಪ್ಪ ಇದಕ್ಕೆ? ಇದರಷ್ಟಕ್ಕೆ ಇದೇ ಚಲೋ ಐತೆ. ಇನ್ನೊಂದು ಲೋಟ ಹಾಕು."